ಆನೆಕಾಲು ಮಾತ್ರೆಯ ಹಿಂದಿನ ಮನುಷ್ಯ

ಕಲಬುರಗಿ, ಬೀದರ್ ಸೀಮೆಯಲ್ಲಿ ಆನೆಕಾಲು ರೋಗ ತಡೆಗೆಂದು ಮನೆಮನೆಗೆ ಹಂಚುತ್ತ ಬಂದಿರುವ ಡಿ.ಇ.ಸಿ. ಮಾತ್ರೆಯ ಪ್ರಸ್ತಾಪ ಬಂದಾಗಲೆಲ್ಲ ನನಗೆ ನೆನಪಾಗುವವರು ಯೆಲ್ಲಾಪ್ರಗಡ ಸುಬ್ಬರಾವ್.

1895ರಲ್ಲಿ ಭೀಮವರಂನಲ್ಲಿ ಜನಿಸಿದ ಅವರು ಮದರಾಸಿನಲ್ಲಿ ವೈದ್ಯಕೀಯ ಓದುವಾಗ ಖಾದಿ ತೊಟ್ಟು ಬ್ರಿಟಿಷ್ ಪ್ರಾಧ್ಯಾಪಕರ ಮುನಿಸಿಗೆ ಗುರಿಯಾದರು. ಎಂ.ಬಿ.ಬಿ.ಎಸ್. ಕೈತಪ್ಪಿ ಎಲ್.ಎಂ.ಎಸ್. ಅಷ್ಟೇ ದಕ್ಕಿತು. 1923ರಲ್ಲಿ ಹಾರ್ವರ್ಡ್‌ಗೆ ಹೋದರು, ಅಲ್ಲಿ ಎ.ಟಿ.ಪಿ.ಯ ಶೋಧದಲ್ಲಿ ಪಾಲಿದ್ದರೂ ಕಾಯಂ ಹುದ್ದೆ ಸಿಗಲಿಲ್ಲ. ಹಾರ್ವರ್ಡ್‌ನ ನಷ್ಟವೆನ್ನಬೇಕು. 1940ರಲ್ಲಿ ಲೆಡರ್ಲೆ ಔಷಧ ಕಂಪನಿ ಸೇರಿದರು. ಫೈಲೇರಿಯಾ ಜಾತಿಯ ಹುಳು ಹೊತ್ತ ಹತ್ತಿ ಇಲಿಗಳ ಮೇಲೆ ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷಿಸಿದ ಅವರ ತಂಡ 1947ರಲ್ಲಿ ಈ ಔಷಧವನ್ನು ಪ್ರಕಟಿಸಿತು. ಮರುವರ್ಷವೇ, 53ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಮಾತ್ರೆ ರಕ್ತದಲ್ಲಿನ ಮರಿಹುಳುಗಳನ್ನು ಕೊಂದು, ಸೊಳ್ಳೆಯ ಮೂಲಕ ರೋಗ ಹರಡುವುದನ್ನು ತಡೆಯುತ್ತದೆ. ಬಾತ ಕಾಲನ್ನು ಮೊದಲಿನಂತಾಗಿಸಲಾರದು. ಹುಳು ಮೈಯಲ್ಲಿದ್ದೂ ವರ್ಷಗಟ್ಟಲೆ ಲಕ್ಷಣ ತೋರದಿರುವುದು ಈ ರೋಗದ ಕಪಟ; ಆರೋಗ್ಯವಂತರೂ ನುಂಗಬೇಕೆನ್ನುವುದು ಅದಕ್ಕೇ. ನಮಗೇಕೆ ಎಂದು ಅದನ್ನು ಕಿಸೆಗಿಳಿಸುವವರಲ್ಲಿ ವಿದ್ಯಾವಂತರೂ ಇದ್ದಾರೆ. ವಿನಾಯಿತಿ ಇರುವುದು ಗರ್ಭಿಣಿಯರು, 2 ವರ್ಷದೊಳಗಿನ ಮಕ್ಕಳು ಮತ್ತು ತೀವ್ರ ಅಸ್ವಸ್ಥರಿಗೆ ಮಾತ್ರ.