ಹೆಸರು ಕಳೆದುಕೊಂಡ ಇಂಜಿನಿಯರ್

ಡಿಪೆಷ್ ಮೋಡ್ ಬ್ಯಾಂಡಿನ 'ದಿ ಸಿಂಗಲ್ಸ್ 81–85' ಸಂಗ್ರಹವನ್ನು ನಮ್ಮಲ್ಲಿ ಕೆಲವರಾದ್ರೂ ಕೇಳಿರ್ತೀವಿ. ಹಾಡಿದವರ ಹೆಸರು ಕವರ್ ಮೇಲಿರುತ್ತೆ. ಆ ಸಿಂಥಸೈಜರ್ ಸದ್ದಿಗೆ ದಾರಿ ಮಾಡಿಕೊಟ್ಟ ಇಂಜಿನಿಯರ್ ಯಾರು ಅಂತ ಮಾತ್ರ ನಾವು ಕೇಳೋದೇ ಇಲ್ಲ. ಅಂಥವರಲ್ಲಿ ಮುಖ್ಯರು ರಾಬರ್ಟ್ ಮೋಗ್.

1934ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಮೋಗ್, ಹೈಸ್ಕೂಲ್ ದಿನಗಳಲ್ಲೇ ಅಪ್ಪನ ಜೊತೆ ಸೇರಿ ಥೆರಮಿನ್ ಮಾಡ್ತಿದ್ರು. ಅದು ಮುಟ್ಟದೇ ನುಡಿಸುವ ವಾದ್ಯ. ಮುಂದೆ ಕಾರ್ನೆಲ್‌ನಲ್ಲಿ ಪಿಎಚ್‌ಡಿ ಮಾಡುವಾಗ, 1964ರಲ್ಲಿ, ಸಂಗೀತಗಾರ ಹರ್ಬ್ ಡಾಯ್ಚ್ ಜೊತೆ ಕೂತು ಸಿಂಥಸೈಜರ್ ಕಟ್ಟಿದರು. ತತ್ವ ಸರಳ: ಆಸಿಲೇಟರ್‌ಗೆ ಕೊಡುವ ವೋಲ್ಟೇಜ್ 1 ವೋಲ್ಟ್ ಏರಿದರೆ ಆವರ್ತನ ಎರಡು ಪಟ್ಟು, ಅಂದ್ರೆ ಸ್ವರ ಒಂದು ಸ್ಥಾಯಿ ಮೇಲೆ. ನಾವು ಲ್ಯಾಬಲ್ಲಿ ರೀಡಿಂಗ್ ಬರೆದು ಮರೆಯುವ ಅಲೆಗಳೇ ಅವರ ಕೈಯಲ್ಲಿ ಸಂಗೀತವಾದವು.

1968ರಲ್ಲಿ ವೆಂಡಿ ಕಾರ್ಲೋಸ್ ಇದೇ ಯಂತ್ರದಲ್ಲಿ ಬಾಖ್ ಕೃತಿಗಳನ್ನು ನುಡಿಸಿದಾಗ ಜಗತ್ತು ಕಿವಿಗೊಟ್ಟಿತು. 1970ರಲ್ಲಿ ಎತ್ತಿಕೊಂಡು ಹೋಗಬಹುದಾದ ಮಿನಿಮೋಗ್ ಬಂತು. ಅದು ಜರ್ಮನಿಯ ಕ್ರಾಫ್ಟ್‌ವರ್ಕ್, ಇಂಗ್ಲೆಂಡಿನ ಗ್ಯಾರಿ ನ್ಯೂಮನ್ ಕೈಸೇರಿತು. ಸಿಂಥ್ ಪಾಪ್ ಬೆಳೆದದ್ದು ಹೀಗೆ.

ಆದರೆ ವ್ಯಾಪಾರ ಮೋಗ್ ಅವರಿಗೆ ಒಗ್ಗಲಿಲ್ಲ. ಕಂಪನಿ ಬೇರೆಯವರ ಪಾಲಾಯಿತು. 1977ರಲ್ಲಿ ಅವರೇ ಹೊರನಡೆದರು. ತಮ್ಮದೇ ಹೆಸರಲ್ಲಿ ವಾದ್ಯ ಮಾರುವ ಹಕ್ಕೂ ಉಳಿಯಲಿಲ್ಲ. ಬಿಗ್ ಬ್ರೈಯರ್ ಅನ್ನೋ ಸಣ್ಣ ಕಂಪನಿ ಮಾಡಿಕೊಂಡು ಮತ್ತೆ ಥೆರಮಿನ್‌ಗೆ ಕೈ ಹಾಕಿದರು. 2002ರಲ್ಲಿ ಹೆಸರು ವಾಪಸ್ ಬಂತು. 2005ರಲ್ಲಿ ತೀರಿಕೊಂಡರು.

ತಮ್ಮ ಹೆಸರು ತಮ್ಮದಾಗಿಲ್ಲದ ಅಷ್ಟು ವರ್ಷವೂ ಅವರು ಸೋಲ್ಡರಿಂಗ್ ಐರನ್ ಕೆಳಗಿಡಲಿಲ್ಲ. ನಮಗೆ ನೆನಪಿರಬೇಕಾದದ್ದು ಅದೇ.