ಕಲರಿಂಗ್ ಪುಸ್ತಕ ಮತ್ತು ಕಾರ್ಲ್ ಯೂಂಗ್: ಮನೋವೈದ್ಯರೊಬ್ಬರು ಚಿತ್ರ ಬರೆಯಲು ಕೂತಿದ್ದೇಕೆ?

ನಮ್ಮ ಹಾರೋಹಳ್ಳಿಯ ಸ್ಟೇಷನರಿ ಅಂಗಡಿಯಲ್ಲೂ ಈಗ ಮಂಡಲದ ಕಲರಿಂಗ್ ಪುಸ್ತಕ ಸಿಗುತ್ತದೆ. ಅಚ್ಚಾದ ವೃತ್ತಕ್ಕೆ ಬಣ್ಣ ತುಂಬಿದರೆ ಆತಂಕ ಮಾಯವಾಗುತ್ತದೆ, ಇದು ಮನೋವೈದ್ಯ ಕಾರ್ಲ್ ಯೂಂಗ್ ಕಂಡುಹಿಡಿದ ಚಿಕಿತ್ಸೆ ಎನ್ನುವ ಮಾತು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ಯೂಂಗ್ ವೃತ್ತಗಳನ್ನು ಬರೆದದ್ದು ನಿಜ. ಆದರೆ ಅವರು ಮಾಡಿದ್ದು ಬೇರೆ, ಮಾಡಬೇಕಾಗಿ ಬಂದ ಸಂದರ್ಭವೂ ಬೇರೆ.

ಯೂಂಗ್ ಹುಟ್ಟಿದ್ದು 1875ರ ಜುಲೈ 26ರಂದು, ಸ್ವಿಟ್ಜರ್ಲೆಂಡಿನ ಕೆಸ್ವಿಲ್ ಎಂಬ ಹಳ್ಳಿಯಲ್ಲಿ, ಪಾದ್ರಿಯೊಬ್ಬರ ಮಗನಾಗಿ. 1900ರಲ್ಲಿ ಜ್ಯೂರಿಕ್‌ನ ಬರ್ಗ್‌ಹೋಲ್ಜ್ಲಿ ಮಾನಸಿಕ ಆಸ್ಪತ್ರೆಗೆ ಸೇರಿ 1909ರವರೆಗೆ ಅಲ್ಲಿದ್ದರು. 1907ರಲ್ಲಿ ವಿಯೆನ್ನಾದಲ್ಲಿ ಸಿಗ್ಮಂಡ್ ಫ್ರಾಯ್ಡ್ ಅವರನ್ನು ಭೇಟಿಯಾದರು. ಫ್ರಾಯ್ಡ್ ಇವರನ್ನೇ ತಮ್ಮ ಉತ್ತರಾಧಿಕಾರಿ ಎಂದುಕೊಂಡಿದ್ದರು. 1913ರ ಆರಂಭದಲ್ಲಿ ಆ ಸ್ನೇಹ ಮುರಿದುಬಿತ್ತು.

ಅದೇ ವರ್ಷ ಅಕ್ಟೋಬರಿನಲ್ಲಿ ಒಬ್ಬರೇ ಪ್ರಯಾಣ ಮಾಡುತ್ತಿದ್ದಾಗ, ಎಚ್ಚರವಿರುವಾಗಲೇ, ಯೂರೋಪ್ ಪ್ರವಾಹದಲ್ಲಿ ಮುಳುಗಿ ನೀರೆಲ್ಲ ರಕ್ತವಾಗುವ ದೃಶ್ಯ ಅವರಿಗೆ ಕಂಡಿತು. ಕೆಲವು ವಾರಗಳ ನಂತರ ಮತ್ತೆ ಕಂಡಿತು. ಇಲ್ಲದ್ದನ್ನು ಕಾಣುವ ರೋಗಿಗಳ ಜೊತೆ ಒಂಬತ್ತು ವರ್ಷ ಕಳೆದವರಿಗೆ ಇದರ ಅರ್ಥ ಏನಿರಬಹುದೆಂದು ಬೇರೆ ಯಾರೂ ಹೇಳಬೇಕಿರಲಿಲ್ಲ. ತಮಗೂ ಹುಚ್ಚು ಹಿಡಿಯುತ್ತಿದೆ ಎಂದೇ ಅವರು ಹೆದರಿದರು. ಮನೆಯಲ್ಲಿ ಹೆಂಡತಿ ಎಮ್ಮಾ, ಚಿಕ್ಕ ಮಕ್ಕಳು. ದಿನವೂ ಬರುವ ರೋಗಿಗಳು.

ಕಲಿತ ಯಾವ ಸಿದ್ಧಾಂತವೂ ಕೈಹಿಡಿಯಲಿಲ್ಲ. ಹತ್ತು ಹನ್ನೊಂದನೇ ವಯಸ್ಸಿನಲ್ಲಿ ಕಲ್ಲು ಜೋಡಿಸಿ ಮನೆ ಕಟ್ಟಿ ಆಡುತ್ತಿದ್ದ ನೆನಪು ಮಾತ್ರ ಬಂತು. ಮಧ್ಯಾಹ್ನದ ಊಟ ಮುಗಿಸಿ, ರೋಗಿಗಳು ಬರುವ ತನಕ, ಮನೆ ಮುಂದಿನ ಕೆರೆಯ ದಡದಲ್ಲಿ ಕಲ್ಲು ಆರಿಸಿ ಪುಟ್ಟ ಊರು ಕಟ್ಟತೊಡಗಿದರು: ಗುಡಿಸಲು, ಕೋಟೆ, ಚರ್ಚು. ನಲವತ್ತರ ಹತ್ತಿರದ, ಹೆಸರು ಮಾಡಿದ್ದ ಡಾಕ್ಟರಿಗೆ ಇದು ಅವಮಾನವೆನಿಸಿತ್ತು. ನಮಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ಧೈರ್ಯದ ಕೆಲಸ ಇದೇ ಅನಿಸುತ್ತದೆ.

ಕಲ್ಲಿನಾಟದಿಂದ ಕನಸುಗಳೂ ಕಲ್ಪನೆಗಳೂ ಹರಿದುಬಂದವು. ಅವನ್ನು ಬರೆದಿಟ್ಟು, ಆಮೇಲೆ ಕೆಂಪು ಚರ್ಮದ ಹೊದಿಕೆಯ ದೊಡ್ಡ ಪುಸ್ತಕವೊಂದಕ್ಕೆ ಚಿತ್ರಗಳ ಸಮೇತ ಇಳಿಸುತ್ತ ಹೋದರು. ಮೊದಲ ಮಂಡಲ ಬರೆದದ್ದು 1916ರಲ್ಲಿ. ಯುದ್ಧದ ಕೊನೆಯ ಹೊತ್ತಿಗೆ ಶಾತೋ ದೆ ಎಂಬಲ್ಲಿ ಬ್ರಿಟಿಷ್ ಸೈನಿಕರನ್ನು ಇರಿಸಿದ್ದ ಶಿಬಿರದ ಉಸ್ತುವಾರಿ ಅವರದಾಗಿತ್ತು. ಅಲ್ಲಿ ಪ್ರತಿದಿನ ಬೆಳಗ್ಗೆ ನೋಟ್‌ಬುಕ್ಕಿನಲ್ಲಿ ಒಂದು ಸಣ್ಣ ವೃತ್ತ. ಒಮ್ಮೆ ಪರಿಚಯದ ಹೆಂಗಸೊಬ್ಬರಿಂದ ಸಿಟ್ಟು ಬರಿಸುವ ಪತ್ರ ಬಂತು. ಮರುದಿನದ ವೃತ್ತದ ಅಂಚು ಒಡೆದುಕೊಂಡಿತ್ತು. ಅಂದಿನ ಮನಸ್ಥಿತಿಯೇ ವೃತ್ತದ ಆಕಾರವನ್ನು ಬದಲಿಸುತ್ತದೆ ಎಂದು ಅವರಿಗೆ ಹೊಳೆಯಿತು. ಅಂಗಡಿಯ ಪುಸ್ತಕದಲ್ಲಿ ಆಕಾರ ಮೊದಲೇ ಅಚ್ಚಾಗಿರುತ್ತದೆ. ಅಲ್ಲಿ ಅಂಚು ಒಡೆಯಲು ಜಾಗವೇ ಇಲ್ಲ. ಹೊತ್ತು ಕಳೆಯಲು ಅದು ಚೆನ್ನಾಗಿಯೇ ಇದೆ, ಅಡ್ಡಿಯಿಲ್ಲ.

ತಾವು ಬರೆದದ್ದು ಕಲೆ ಎಂದು ಯೂಂಗ್ ಒಪ್ಪಲಿಲ್ಲ. ಮುಂದೆ ತಮ್ಮ ರೋಗಿಗಳಿಗೂ ಕನಸನ್ನು ಚಿತ್ರವಾಗಿ ಬರೆಯಲು ಹೇಳುತ್ತಿದ್ದರು, ಆದರೆ ಅಂದ ಮುಖ್ಯವಾಗಿರಲಿಲ್ಲ. ಚಿತ್ರ ಬರುವವರಿಗೆ ಮಾತ್ರ ಕಲಾ ಚಿಕಿತ್ಸೆ ಎಂಬ ನಂಬಿಕೆ ಅಲ್ಲಿಗೇ ಬಿದ್ದುಹೋಗುತ್ತದೆ. ಥೆರಪಿಸ್ಟ್ ಚಿತ್ರ ನೋಡಿ ಕೈರೇಖೆ ಓದಿದ ಹಾಗೆ ಮನಸ್ಸನ್ನು ಓದಿಬಿಡುತ್ತಾರೆ ಎಂಬುದೂ ತಪ್ಪು. ಬರೆದವರು ಅದರ ಬಗ್ಗೆ ಏನು ಹೇಳುತ್ತಾರೆ ಎಂಬುದೂ ಚಿತ್ರದಷ್ಟೇ ಮುಖ್ಯ.

1937ರ ಕೊನೆಗೆ ಯೂಂಗ್ ಭಾರತಕ್ಕೆ ಬಂದರು. ಮೈಸೂರಿನಲ್ಲೂ ಅತಿಥಿಯಾಗಿದ್ದು, ಮಹಾರಾಜರಿಗೆ ಗುರುವಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಜೊತೆ ಮಾತುಕತೆ ನಡೆಸಿದರು. ಬೇರೆ ಬೇರೆ ನಾಡುಗಳ ವೃತ್ತಚಿತ್ರಗಳ ಹಿಂದೆ ಒಂದೇ ಮನೋಮೂಲವಿದೆ ಎಂಬುದು ಅವರ ನಂಬಿಕೆ. ನಮಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ನಮ್ಮ ಬಾಗಿಲ ರಂಗೋಲಿಯೂ ಟಿಬೆಟ್ಟಿನ ಮಂಡಲವೂ ಒಂದೇ ಆಕಾರದಲ್ಲಿದ್ದ ಮಾತ್ರಕ್ಕೆ ಅರ್ಥ ಒಂದೇ ಆಗಬೇಕಿಲ್ಲ. ತಮ್ಮ ಮೇಲೆಯೇ ಮಾಡಿಕೊಂಡ ಪ್ರಯೋಗ, ಅದೂ ಬಹುಪಾಲು ಮುಪ್ಪಿನಲ್ಲಿ ನೆನಪಿಸಿಕೊಂಡು ಹೇಳಿದ್ದು, ವೈಜ್ಞಾನಿಕ ಪುರಾವೆಯೂ ಆಗುವುದಿಲ್ಲ.

ಕಲಾ ಚಿಕಿತ್ಸೆ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬಳಕೆಗೆ ತಂದವರು ಯೂಂಗ್ ಅಲ್ಲ, ಬ್ರಿಟಿಷ್ ಚಿತ್ರಕಾರ ಏಡ್ರಿಯನ್ ಹಿಲ್. ಅದು 1942ರಲ್ಲಿ, ತಾವೇ ಕ್ಷಯರೋಗದಿಂದ ಚೇತರಿಸಿಕೊಂಡ ಮೇಲೆ. ಅಮೆರಿಕದಲ್ಲಿ ಇದನ್ನು ಬೆಳೆಸಿದ ಮಾರ್ಗರೆಟ್ ನೌಮ್‌ಬರ್ಗ್ ಯೂಂಗ್ ಪದ್ಧತಿಯ ಮನೋವಿಶ್ಲೇಷಣೆಗೆ ಒಳಗಾಗಿದ್ದವರು.

ಕೆಂಪು ಪುಸ್ತಕವನ್ನು ಯೂಂಗ್ 1930ರ ಸುಮಾರಿಗೆ ಅರ್ಧಕ್ಕೇ ಬಿಟ್ಟಿದ್ದರು. 1959ರಲ್ಲಿ ಮತ್ತೆ ಕೈಗೆತ್ತಿಕೊಂಡು ಕೊನೆಯ ಮಾತು ಬರೆಯಹೊರಟವರು ಒಂದು ವಾಕ್ಯದ ನಡುವೆಯೇ ನಿಲ್ಲಿಸಿದರು. 1961ರ ಜೂನ್ 6ರಂದು ತೀರಿಕೊಂಡರು. ಪುಸ್ತಕ ಅಚ್ಚಾಗಿ ಹೊರಬಂದದ್ದು 2009ರಲ್ಲಿ, ಆ ಅರ್ಧ ವಾಕ್ಯದ ಸಮೇತ.