ರೈತನ ಮಗ ಹೆನ್ರಿ ಫೋರ್ಡ್

ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ, ಡಿಯರ್‌ಬಾರ್ನ್ ಎಂಬ ಊರಿನ ಸಮೀಪ, ವಿಲಿಯಂ ಫೋರ್ಡ್ ಎಂಬ ರೈತನ ಮನೆಯಲ್ಲಿ 1863ನೆಯ ಇಸವಿ ಜುಲೈ 30ರಂದು ಹೆನ್ರಿ ಫೋರ್ಡ್ ಜನಿಸಿದನು. ಮಗನೂ ತನ್ನಂತೆ ನೇಗಿಲು ಹಿಡಿಯಬೇಕೆಂಬುದು ತಂದೆಯ ಆಸೆ. ಆದರೆ ಕುದುರೆಗಳ ಹಿಂದೆ ದಿನವಿಡೀ ಸವೆಯುವ ಆ ದುಡಿಮೆ ಹುಡುಗನಿಗೆ ಒಗ್ಗಲಿಲ್ಲ. ಗಡಿಯಾರಗಳನ್ನು ಬಿಚ್ಚಿ ಮರಳಿ ಜೋಡಿಸುವುದೇ ಅವನಿಗೆ ಆಟ. 1876ರಲ್ಲಿ, ತಾಯಿ ತೀರಿಕೊಂಡ ವರ್ಷವೇ, ಕುದುರೆಗಳ ನೆರವಿಲ್ಲದೆ ರಸ್ತೆಯಲ್ಲಿ ತಾನಾಗಿಯೇ ಸಾಗಿಬರುತ್ತಿದ್ದ ಉಗಿಯಂತ್ರವೊಂದನ್ನು ಅವನು ಕಂಡನು. ಒಡನೆಯೇ ತಂದೆಯ ಗಾಡಿಯಿಂದ ಧುಮುಕಿ, ಯಂತ್ರ ನಡೆಸುವವನನ್ನು ಮಾತಿಗೆಳೆದನು. ಮೂರು ವರ್ಷಗಳ ಬಳಿಕ ಹೊಲವನ್ನು ಬಿಟ್ಟು ಡೆಟ್ರಾಯಿಟ್ ನಗರದ ಯಂತ್ರಶಾಲೆಯನ್ನು ಸೇರಿದನು.

1891ರಲ್ಲಿ ಅವನಿಗೆ ಎಡಿಸನ್ ವಿದ್ಯುತ್ ಕಂಪನಿಯಲ್ಲಿ ಕೆಲಸ ದೊರೆಯಿತು. ಬಿಡುವಿನ ವೇಳೆಯೆಲ್ಲ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕಳೆಯುತ್ತಿತ್ತು. 1896ರ ಜೂನ್ 4ರ ನಸುಕಿನಲ್ಲಿ ಅವನ ಮೊದಲ ಮೋಟಾರು ಗಾಡಿ ಸಿದ್ಧವಾದಾಗ, ಅದು ಕೊಟ್ಟಿಗೆಯ ಬಾಗಿಲಲ್ಲಿ ಹಿಡಿಸಲಿಲ್ಲ! ಫೋರ್ಡ್ ಕೊಡಲಿಯಿಂದ ಇಟ್ಟಿಗೆಯ ಗೋಡೆಯನ್ನೇ ಒಡೆದು ಗಾಡಿಯನ್ನು ಹೊರತಂದನು.

1903ರಲ್ಲಿ ಅವನ ಕಂಪನಿ ಸ್ಥಾಪನೆಯಾಯಿತು. 1908ರಲ್ಲಿ ‘ಮಾಡೆಲ್ ಟಿ’ ಕಾರು ಹೊರಬಂದಿತು. 1927ರ ವೇಳೆಗೆ ಅಂತಹ 1.5 ಕೋಟಿ ಕಾರುಗಳು ತಯಾರಾದವು. ಹಳ್ಳಿಯ ಕೆಸರು ದಾರಿಗೆ ಹೇಳಿ ಮಾಡಿಸಿದಂತಿದ್ದ ಆ ಕಾರಿಗೆ ಆಹಾರದ ವಿಷಯದಲ್ಲಿ ಹಟವಿರಲಿಲ್ಲ. ಪೆಟ್ರೋಲು ಸಿಗದ ಕಡೆ ಸೀಮೆಎಣ್ಣೆಯಿಂದಲೋ ಮದ್ಯಸಾರದಿಂದಲೋ ಅದನ್ನು ಓಡಿಸಬಹುದಾಗಿತ್ತು. ಈ ಮದ್ಯಸಾರವನ್ನೇ ನಾವು ಇಂದು ಎಥನಾಲ್ ಎನ್ನುತ್ತೇವೆ. ಕಬ್ಬು, ಜೋಳ, ಆಲೂಗಡ್ಡೆ ಮೊದಲಾದವುಗಳ ಸಕ್ಕರೆಯನ್ನೋ ಪಿಷ್ಟವನ್ನೋ ಹುದುಗಿಸಿ, ಬಟ್ಟಿ ಇಳಿಸಿ ಇದನ್ನು ಪಡೆಯುತ್ತಾರೆ. ಇಂಧನ ಬದಲಾದಾಗ ಚಾಲಕನು ಗುಬುಟೊಂದನ್ನು ತಿರುಗಿಸಿ, ಗಾಳಿಯೊಡನೆ ಬೆರೆಯುವ ಇಂಧನದ ಪ್ರಮಾಣವನ್ನು ಹೊಂದಿಸಿಕೊಳ್ಳುತ್ತಿದ್ದನು. ಕಿಡಿ ಹಾರುವ ಗಳಿಗೆಯನ್ನು ಹಿಂದುಮುಂದು ಮಾಡಲು ಚುಕ್ಕಾಣಿಯ ಕೆಳಗೆ ಒಂದು ಸನ್ನೆಕೋಲಿತ್ತು.

ಆದರೆ ಈ ಕಾರಿನಿಂದ ರೈತನಿಗೆ ಲಾಭವೊಂದೇ ಆಯಿತೆನ್ನುವಂತಿಲ್ಲ. ಆ ಕಾಲದ ಅಮೆರಿಕದಲ್ಲಿ ಸುಮಾರು 2.5 ಕೋಟಿ ಕುದುರೆ ಹಾಗೂ ಹೇಸರಗತ್ತೆಗಳಿದ್ದವು. ಅವು ತಿನ್ನುತ್ತಿದ್ದ ಹುಲ್ಲು, ಓಟ್ಸ್ ಧಾನ್ಯ ಎಲ್ಲವೂ ಹೊಲದಲ್ಲೇ ಬೆಳೆಯುತ್ತಿದ್ದವು. ಕಾರು, ಟ್ರಾಕ್ಟರುಗಳು ಬಂದಂತೆ ಕುದುರೆಗಳು ಕಡಿಮೆಯಾದವು. ರೈತನ ಒಂದು ದೊಡ್ಡ ಮಾರುಕಟ್ಟೆಯೇ ಕರಗಿತು. ಹೊಲಕ್ಕೆ ಸಲ್ಲುತ್ತಿದ್ದ ಹಣ ಎಣ್ಣೆಬಾವಿಗೆ ಹರಿಯಿತು. ಇದರಲ್ಲಿ ಫೋರ್ಡನ ಪಾಲು ಸಣ್ಣದಲ್ಲ. ಮುಂದಿನ ಇಂಧನ ಮದ್ಯಸಾರವೇ, ಅದನ್ನು ಸೇಬು, ಕಳೆಗಿಡ, ಮರದ ಹೊಟ್ಟುಗಳಿಂದಲೂ ತೆಗೆಯಬಹುದು ಎಂದು ಅವನು 1925ರಲ್ಲಿ ಪತ್ರಿಕೆಗೆ ತಿಳಿಸಿದನು. ಕಾರಿನ ಹೊಟ್ಟೆಯನ್ನೂ ಹೊಲವೇ ತುಂಬಬೇಕೆಂಬುದು ಅವನ ಹಂಬಲ.

ಅಂದಿನ ಪರಿಸ್ಥಿತಿ ಅವನಿಗೆ ಅನುಕೂಲವಾಗಿರಲಿಲ್ಲ. ಟೆಕ್ಸಾಸಿನಲ್ಲಿ ಎಣ್ಣೆ ಉಕ್ಕಿ ಹರಿಯುತ್ತಿತ್ತು; ಪೆಟ್ರೋಲು ಅಗ್ಗವಾಗಿತ್ತು. 1920ರಿಂದ 1933ರವರೆಗೆ ಪಾನನಿಷೇಧವಿದ್ದುದರಿಂದ ಬಟ್ಟಿ ಇಳಿಸುವುದೆಂದರೆ ಸಂಶಯದ ಕಣ್ಣುಗಳೇ. ಮದ್ಯಸಾರಕ್ಕೂ ದೋಷಗಳಿದ್ದವು. ಪೆಟ್ರೋಲಿಗಿಂತ ಅದರ ಶಾಖಶಕ್ತಿ ಮೂರನೆಯ ಒಂದು ಪಾಲು ಕಡಿಮೆ. ಅದು ನೀರನ್ನು ಹೀರುತ್ತದೆ. ಚಳಿಯಲ್ಲಿ ಎಂಜಿನ್ನು ಬೇಗ ಹೊತ್ತಿಕೊಳ್ಳುವುದಿಲ್ಲ. ಆದರೆ ಇಂಧನ ಅಕಾಲದಲ್ಲಿ ಸಿಡಿದು ಎಂಜಿನ್ನು ಟಕಟಕ ಬಡಿಯುವುದನ್ನು ಅದು ಚೆನ್ನಾಗಿ ತಡೆಯುತ್ತದೆ. ಈ ಕೆಲಸಕ್ಕೆ ಅಮೆರಿಕದ ಉದ್ಯಮ 1923ರಿಂದ ಸೀಸದ ಸಂಯುಕ್ತವನ್ನು ಪೆಟ್ರೋಲಿಗೆ ಬೆರೆಸತೊಡಗಿತು. ಅದು ವಿಷವೆಂಬುದು ಗೊತ್ತಿದ್ದೂ ಬೆರೆಸಿದ್ದು ವಿಷಾದದ ಸಂಗತಿ.

1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ, ಬೆಲೆಯಿಲ್ಲದ ಮುಸುಕಿನ ಜೋಳವನ್ನು ಕೆಲವು ರೈತರು ಒಲೆಗೆ ಹಾಕಿ ಉರಿಸಿದರು. ಬೆಳೆಯಿಂದ ಕೈಗಾರಿಕೆಗೆ ಕಚ್ಚಾವಸ್ತು ಒದಗಿಸುವ ಕುರಿತು 1935ರಲ್ಲಿ ಡಿಯರ್‌ಬಾರ್ನಿನಲ್ಲಿ ಸಮ್ಮೇಳನ ನಡೆಯಲು ಫೋರ್ಡ್ ಆಶ್ರಯ ನೀಡಿದನು. ಬಳಿಕ ಕಾನ್ಸಾಸ್ ಪ್ರಾಂತದ ಆಚಿಸನ್ ಎಂಬಲ್ಲಿ ಮದ್ಯಸಾರದ ಕಾರ್ಖಾನೆಯೊಂದು ತೆರೆಯಿತು. ‘ಅಗ್ರಾಲ್’ ಎಂಬ ಹೆಸರಿನಿಂದ ಮಿಶ್ರ ಇಂಧನ ಮಾರಾಟವಾಯಿತು. ಪೆಟ್ರೋಲಿನ ಬೆಲೆಯೊಡನೆ ಸೆಣಸಲಾರದೆ ಅದು 1939ರಲ್ಲಿ ಮುಚ್ಚಿತು.

ಫೋರ್ಡನ ಬಾಳಿನಲ್ಲಿ ಕಪ್ಪು ಕಲೆಗಳೂ ಇವೆ. 1914ರಲ್ಲಿ ಕೆಲಸಗಾರರಿಗೆ ದಿನಕ್ಕೆ 5 ಡಾಲರ್ ಕೊಟ್ಟು ಬೆರಗುಗೊಳಿಸಿದವನೇ ಅವರ ಸಂಘವನ್ನು 1941ರವರೆಗೂ ಒಪ್ಪಲಿಲ್ಲ. ಅವನ ಪತ್ರಿಕೆ ಯೆಹೂದ್ಯರ ವಿರುದ್ಧ ದ್ವೇಷವನ್ನು ಬಿತ್ತಿತು.

ಇಂಧನದ ವಿಷಯದಲ್ಲಿ ಅವನ ನಿರೀಕ್ಷೆ ದೂರದ ದೇಶಗಳಲ್ಲಿ ಕೈಗೂಡಿತು. ಬ್ರೆಜಿಲ್ 1975ರಲ್ಲಿ ಕಬ್ಬಿನ ಎಥನಾಲಿಗಾಗಿ ರಾಷ್ಟ್ರೀಯ ಯೋಜನೆಯನ್ನು ಕೈಗೊಂಡಿತು. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಭಾರತದಲ್ಲಿ 2023ರ ಫೆಬ್ರವರಿ 6ರಂದು ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ. ಚಾಲಕನ ಗುಬುಟಿನ ಕೆಲಸವನ್ನು ಈಗ ಎಂಜಿನ್ನಿನ ಎಲೆಕ್ಟ್ರಾನಿಕ್ ಸಾಧನಗಳು ಮಾಡುತ್ತವೆ.

ಇದಾವುದನ್ನೂ ಫೋರ್ಡ್ ಕಾಣಲಿಲ್ಲ. 1947ರ ಏಪ್ರಿಲಿನಲ್ಲಿ ರೂಜ್ ನದಿ ಉಕ್ಕಿ, ಅವನ ಮನೆಯ ವಿದ್ಯುತ್ತು ನಿಂತುಹೋಗಿತ್ತು. 7ರ ರಾತ್ರಿ, ಎಣ್ಣೆದೀಪ ಮತ್ತು ಮೇಣದ ಬತ್ತಿಗಳ ಬೆಳಕಿನಲ್ಲಿ, ತನ್ನ 83ನೆಯ ವಯಸ್ಸಿನಲ್ಲಿ ಅವನು ಕೊನೆಯುಸಿರೆಳೆದನು. ಅವನು ಹುಟ್ಟಿದ ಹೊಲ ಅಲ್ಲಿಂದ ಕೆಲವೇ ಮೈಲಿಗಳ ದೂರದಲ್ಲಿತ್ತು.